ರಾಜಾಜಿಯನ್ನು ಮೆಚ್ಚುವ ಮೊದಲು

ಪ್ರಿಯ ಮಗಳೇ,

ಪಕ್ಷದ ಯುವ ಘಟಕದಲ್ಲಿ ನಿನಗೊಂದು ಜವಾಬ್ದಾರಿ ಸಿಕ್ಕಿದೆಯೆಂದು ನಿನ್ನಮ್ಮ ಹೇಳಿದಳು. ಸಂತೋಷ. ಬೆನ್ನಿಗೇ ನಿನ್ನ ಪ್ರಶ್ನೆಯೂ ಬಂತು: "ದೊಡ್ಡಪ್ಪಾ, ನಮ್ಮ ಕಡೆಯ ಹಳಬರಲ್ಲಿ ನಿಜಕ್ಕೂ ದೊಡ್ಡವರು ಅಂತ ಯಾರನ್ನು ಓದಲಿ?" ನಮ್ಮ ಕಡೆ ಎಂದರೆ ಯಾವ ಕಡೆ ಎಂದು ನೀನು ಬಿಡಿಸಿ ಹೇಳಿಲ್ಲ. ದೇವರು ದಿಂಡರು, ಮನೆತನ, ದುಡಿದವನಿಗೆ ಆಸ್ತಿಯ ಹಕ್ಕು, ಸರ್ಕಾರ ಎಲ್ಲದಕ್ಕೂ ಮೂಗು ತೂರಿಸಬಾರದೆಂಬ ನಂಬಿಕೆ, ಇಷ್ಟನ್ನು ಒಟ್ಟಿಗೆ ಇಟ್ಟುಕೊಂಡವರು ಎಂದುಕೊಂಡು ಉತ್ತರಿಸುತ್ತಿದ್ದೇನೆ. ರಾಜಾಜಿಯನ್ನು ಓದು.

ಅವರು ನಮಗೆ ಹೊರಗಿನವರೇನಲ್ಲ. 1878ರಲ್ಲಿ ಹುಟ್ಟಿದ್ದು ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ, ಕಾಲೇಜು ಓದಿದ್ದು ನಮ್ಮ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. ಸೇಲಂನಲ್ಲಿ ವಕೀಲಿ, ವೇದಾರಣ್ಯದ ಉಪ್ಪಿನ ಸತ್ಯಾಗ್ರಹ, ಗವರ್ನರ್ ಜನರಲ್ ಹುದ್ದೆ, ಭಾರತ ರತ್ನ, ಇವೆಲ್ಲ ನಿನ್ನ ಫೋನಿನಲ್ಲೇ ಸಿಗುತ್ತವೆ. ನಾನು ಹೇಳಹೊರಟಿದ್ದು 1959ರ ಮಾತು.

ಆ ವರ್ಷದ ಜನವರಿಯಲ್ಲಿ ಕಾಂಗ್ರೆಸ್ ನಾಗಪುರದಲ್ಲಿ ಸೇರಿ, ರೈತರ ಜಮೀನನ್ನೆಲ್ಲ ಒಟ್ಟುಗೂಡಿಸಿ ಸಹಕಾರಿ ಬೇಸಾಯ ಮಾಡಿಸಬೇಕೆಂದು ನಿರ್ಣಯ ಮಾಡಿತು. ರಾಜಾಜಿಗೆ ಆಗ ಎಂಬತ್ತು. ಏರಬಹುದಾದ ಹುದ್ದೆಯನ್ನೆಲ್ಲ ಏರಿ ಇಳಿದಾಗಿತ್ತು. ಮನೆಯಲ್ಲಿ ಕೂತು ರಾಮಾಯಣ, ಮಹಾಭಾರತ ಬರೆದುಕೊಂಡಿದ್ದರೆ ಎಲ್ಲ ಪಕ್ಷದವರೂ ಬಂದು ಕಾಲಿಗೆ ಬೀಳುತ್ತಿದ್ದರು. ಅದನ್ನು ಬಿಟ್ಟು, ಜೂನ್ ತಿಂಗಳಲ್ಲಿ ಮದ್ರಾಸಿನಲ್ಲಿ ಸ್ವತಂತ್ರ ಪಕ್ಷ ಘೋಷಿಸಿದರು. ಎನ್.ಜಿ. ರಂಗಾ, ಮೀನೂ ಮಸಾನಿ, ಕೆ.ಎಂ. ಮುನ್ಷಿ ಜೊತೆಗೂಡಿದರು. ಎದುರಿಗಿದ್ದವರು ನೆಹರೂ. ದೇಶದ ಕಣ್ಮಣಿ, ರಾಜಾಜಿಗೆ ದಶಕಗಳ ಗೆಳೆಯ. ಲೈಸೆನ್ಸ್ ಪರ್ಮಿಟ್ ರಾಜ್ಯ ಎಂದು ಇವತ್ತು ಎಲ್ಲರೂ ಬೈಯುತ್ತಾರಲ್ಲ, ಆ ಹೆಸರಿಟ್ಟವರು ರಾಜಾಜಿ. ಹಾಗೆ ಹೇಳಿದರೆ ಬಂಡವಾಳಗಾರರ ಬಾಲಬಡುಕ ಅನ್ನಿಸಿಕೊಳ್ಳಬೇಕಿದ್ದ ಕಾಲ ಅದು.

ಆ ಪಕ್ಷಕ್ಕೆ 21 ತತ್ವಗಳಿದ್ದವು. ಕೊನೆಯದನ್ನು ನೀನು ಬರೆದಿಟ್ಟುಕೊಳ್ಳಬೇಕು. ಪಕ್ಷದ ಮೂಲತತ್ವಗಳನ್ನು ಬಿಟ್ಟು ಮಿಕ್ಕೆಲ್ಲ ವಿಷಯಗಳಲ್ಲಿ ಸದಸ್ಯನಿಗೆ ತನ್ನ ಅಭಿಪ್ರಾಯದ ಸ್ವಾತಂತ್ರ್ಯವಿರಬೇಕು, ಪ್ರಜಾಪ್ರಭುತ್ವಕ್ಕೆ ಒಳ್ಳೆಯದು ಅದೇ, ಎಂಬುದು ಅದರ ಸಾರ. ಅಂದರೆ ನಾಯಕನಿಗೆ ಕಂಡದ್ದೇ ಎಲ್ಲರಿಗೂ ಕಾಣಬೇಕೆಂಬ ಹಟವಿಲ್ಲ. 1985ರ ಪಕ್ಷಾಂತರ ನಿಷೇಧ ಕಾಯ್ದೆ ಬಂದಮೇಲೆ ವಿಪ್ ಮೀರಿದರೆ ಶಾಸಕತ್ವವೇ ಹೋಗುತ್ತದೆ. ಅಷ್ಟು ಬಿಗಿ ಮಾಡಿಯೂ ನಮ್ಮ ಶಾಸಕರನ್ನು ಬಸ್ಸಿಗೆ ತುಂಬಿ ರೆಸಾರ್ಟಿಗೆ ಸಾಗಿಸುವುದು ತಪ್ಪಿಲ್ಲ, ಅದು ಬೇರೆ ಮಾತು.

ಪಕ್ಷ ಗೆದ್ದಿತೇ ಅಂದರೆ, ಸ್ವಲ್ಪ ದೂರ ಹೋಯಿತು. 1962ರಲ್ಲಿ ಲೋಕಸಭೆಗೆ 18 ಜನ, 1967ರಲ್ಲಿ 44. ಅದರಲ್ಲಿ ಐವರು ನಮ್ಮ ಮೈಸೂರು ರಾಜ್ಯದವರು. ವಿರೋಧ ಪಕ್ಷಗಳಲ್ಲೇ ದೊಡ್ಡದು. 1971ರಲ್ಲಿ ಇಂದಿರಾ ಅಲೆಗೆ ಸಿಕ್ಕಿ 8ಕ್ಕೆ ಇಳಿಯಿತು. ಸೋಲಿನ ಹೊಣೆ ನನ್ನದು ಎಂದು ಮಸಾನಿ ಅಧ್ಯಕ್ಷ ಸ್ಥಾನ ಬಿಟ್ಟರು. 1974ರ ಹೊತ್ತಿಗೆ ಪಕ್ಷ ಇನ್ನೊಂದರಲ್ಲಿ ಕರಗಿ ಹೋಯಿತು.

ಹಾಗೆಂದು ಫೋಟೋಗೆ ಹಾರ ಹಾಕಿಬಿಡಬೇಡ. 1937ರಲ್ಲಿ ಮದ್ರಾಸ್ ಪ್ರಾಂತ್ಯದ ಪ್ರಧಾನಿಯಾಗಿ ಶಾಲೆಗಳಲ್ಲಿ ಹಿಂದಿಯನ್ನು ಕಡ್ಡಾಯ ಮಾಡಹೊರಟವರು, ವಿರೋಧಿಸಿದವರನ್ನು ಜೈಲಿಗೆ ಕಳಿಸಿದವರು ಇವರೇ. ಮುಂದೆ ಹಿಂದಿ ಹೇರಿಕೆಗೆ ಅಡ್ಡ ನಿಂತವರೂ ಇವರೇ. 1952ರಲ್ಲಿ ಚುನಾವಣೆಗೆ ನಿಲ್ಲದೆ, ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡು ಮುಖ್ಯಮಂತ್ರಿಯಾದರು. ಬಂದವರೇ ಆಹಾರಧಾನ್ಯದ ರೇಷನ್ ಕಿತ್ತುಹಾಕಿದರು. ಅದು ಗುಂಡಿಗೆಯ ಕೆಲಸ. ಮರುವರ್ಷ ತಂದ ಶಾಲಾ ಯೋಜನೆ ಮಾತ್ರ ನನಗೆ ಇಂದಿಗೂ ಒಪ್ಪಿಗೆಯಾಗಿಲ್ಲ. ಹಳ್ಳಿಯ ಮಕ್ಕಳು ಅರ್ಧ ದಿನ ಶಾಲೆಯಲ್ಲಿ ಓದುವುದು, ಮಿಕ್ಕ ಹೊತ್ತು ಅಪ್ಪನ ಕಸುಬು ಕಲಿಯುವುದು. ಜಾತಿಯ ಕಸುಬನ್ನು ತಲೆಮೇಲೆ ಹೊತ್ತು ಬಂದವರಿಗೆ ಅದು ಹೇಗೆ ಕೇಳಿಸೀತೆಂದು ಅಷ್ಟು ಬುದ್ಧಿವಂತರಿಗೆ ಹೊಳೆಯಲಿಲ್ಲ. 1939ರಲ್ಲಿ ಮಧುರೆ ಮೀನಾಕ್ಷಿಯ ಗುಡಿಗೆ ದಲಿತರು ಕಾಲಿಟ್ಟಾಗ, ಅವರನ್ನು ಒಳಗೆ ಕರೆದೊಯ್ದವರಿಗೆ ಕಾನೂನಿನ ರಕ್ಷೆ ಕೊಟ್ಟ ಮನುಷ್ಯ ಇವರು. ಅದಕ್ಕೇ ನನಗೆ ಹೆಚ್ಚು ಸಂಕಟ. 1954ರಲ್ಲಿ ಅಧಿಕಾರ ಬಿಟ್ಟರು, ಕಾಮರಾಜರು ಬಂದು ಯೋಜನೆಯನ್ನು ಕೈಬಿಟ್ಟರು.

ಇದನ್ನೆಲ್ಲ ತಿಳಿದೂ ಮೆಚ್ಚುತ್ತೇನೆ. 1942ರಲ್ಲಿ ಇಡೀ ದೇಶ ಕ್ವಿಟ್ ಇಂಡಿಯಾ ಎನ್ನುತ್ತಿದ್ದಾಗ ಅದು ಸರಿಯಲ್ಲವೆಂದು ಹೇಳಿ, ಮುಸ್ಲಿಂ ಲೀಗಿನ ಜೊತೆ ರಾಜಿಯಾಗಬೇಕೆಂದು ವಾದಿಸಿ, ಕಾಂಗ್ರೆಸ್ ಸದಸ್ಯತ್ವಕ್ಕೂ ಶಾಸಕತ್ವಕ್ಕೂ ರಾಜೀನಾಮೆ ಕೊಟ್ಟರು. ಗಾಂಧಿಯ ಬೀಗರು, ನೆನಪಿರಲಿ. ಮಗಳು ಲಕ್ಷ್ಮಿಯನ್ನು ದೇವದಾಸ ಗಾಂಧಿಗೆ ಕೊಟ್ಟಿದ್ದರು. ನೆಹರೂ 1964ರಲ್ಲಿ ತೀರಿಕೊಂಡಾಗ, ಐದು ವರ್ಷ ಅವರನ್ನು ಬಿಡದೆ ಟೀಕಿಸಿದ್ದ ಇದೇ ಮುದುಕರು, ತನಗಿಂತ ಹನ್ನೊಂದು ವರ್ಷ ಕಿರಿಯರಾದ ಅವರು ದೇಶಕ್ಕೆ ತನಗಿಂತ ಹನ್ನೊಂದು ಪಟ್ಟು ಮುಖ್ಯರಾಗಿದ್ದರು ಎಂದು ಬರೆದರು. ವಿರೋಧಿ ಸತ್ತ ದಿನ ನಿಮ್ಮ ವಾಟ್ಸಾಪ್ ಗುಂಪುಗಳಲ್ಲಿ ಏನೇನು ಹರಿದಾಡುತ್ತದೆಂದು ನಾನು ನೋಡಿದ್ದೇನೆ, ಮಗಳೇ.

ರಾಜಾಜಿಗೆ ಕೊನೆಯ ಏಟು ಸ್ವಂತ ಕೈಯಿಂದಲೇ ಬಿದ್ದದ್ದು. ಕಾಂಗ್ರೆಸ್ಸನ್ನು ಸೋಲಿಸಲೆಂದು 1967ರಲ್ಲಿ ಡಿಎಂಕೆ ಜೊತೆ ಕೈಜೋಡಿಸಿದರು. ಗೆದ್ದ ಆ ಪಕ್ಷದ ಸರ್ಕಾರವೇ 1971ರಲ್ಲಿ ಪಾನನಿಷೇಧ ತೆಗೆಯಹೊರಟಿತು. 1937ರಲ್ಲಿ ಸೇಲಂನಿಂದ ಪಾನನಿಷೇಧ ಶುರುಮಾಡಿದ್ದ ರಾಜಾಜಿ, ತೊಂಬತ್ತೆರಡರ ವಯಸ್ಸಿನಲ್ಲಿ ಮುಖ್ಯಮಂತ್ರಿ ಕರುಣಾನಿಧಿಯವರ ಮನೆಗೇ ಹೋಗಿ ಬೇಡವೆಂದು ಕೇಳಿಕೊಂಡರು. ಆಗಲಿಲ್ಲ. ಗೆಲ್ಲುವುದಕ್ಕಾಗಿ ಮಾಡಿಕೊಳ್ಳುವ ಹೊಂದಾಣಿಕೆಯ ಬೆಲೆ ಏನೆಂದು ನಿನ್ನ ಪಕ್ಷದ ಹಿರಿಯರು ಹೇಳಿಕೊಡುವುದಿಲ್ಲ. ಇದನ್ನು ನೋಡಿ ಕಲಿ.

ಇನ್ನು ಮುಂದೆ ಯಾರಾದರೂ ಒಬ್ಬ ನಾಯಕನನ್ನು ತತ್ವನಿಷ್ಠ ಎಂದು ವೇದಿಕೆಯ ಮೇಲೆ ಕೊಂಡಾಡಿದರೆ, ಆ ತತ್ವಕ್ಕಾಗಿ ಅವರು ಏನು ಕಳೆದುಕೊಂಡರೆಂದು ಮೆಲ್ಲಗೆ ಕೇಳು. ಸೀಟೋ, ಸ್ನೇಹವೋ, ಸ್ವಂತ ಪಕ್ಷದ ಚಪ್ಪಾಳೆಯೋ, ಏನಾದರೊಂದು ಇರಲೇಬೇಕು.

ಓದಲು ಶುರುಮಾಡುವುದಾದರೆ 1964ರ ಲೋಕಸಭೆಯ ಕಲಾಪದಿಂದ ಮಾಡು. ಜಮೀನಿನ ಕಾಯ್ದೆಗಳಿಗೆ ರಕ್ಷಣೆ ಕೊಡುವ 17ನೇ ತಿದ್ದುಪಡಿ ಮಸೂದೆ ಬೇಕಾದಷ್ಟು ಬಹುಮತ ಸಿಗದೆ ಏಪ್ರಿಲ್‌ನಲ್ಲಿ ಬಿತ್ತು, ಜೂನ್‌ನಲ್ಲಿ ಪಾಸಾಯಿತು. ರಂಗಾ, ಮಸಾನಿ ಅವರ ಮಾತನ್ನು ಓದು, ಎದುರು ಪಕ್ಷದವರ ಉತ್ತರವನ್ನೂ ಬಿಡಬೇಡ. ಗೇಣಿದಾರನ ದೃಷ್ಟಿಯಿಂದ ನೋಡಿದರೆ ಆ ಉತ್ತರದಲ್ಲೂ ಹುರುಳಿದೆಯೆಂದು ನನಗನ್ನಿಸುತ್ತದೆ. ನಿನಗೇನನ್ನಿಸಿತೆಂದು ಬರೆ.

ಇಂತಿ,
ನಿನ್ನ ದೊಡ್ಡಪ್ಪ