ಕೋಲಾರದ ಗಣಿ ಮತ್ತು ಪ್ರೋಟಾನಿನ ಹಿಸಾಬು

ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿ. ಭೌತಶಾಸ್ತ್ರದ ವಿಷಯ ಆರಿಸಿಕೊಳ್ಳಲು ಎರಡು ಕಾರಣಗಳಿವೆ. ಒಂದು, ಇದರ ಒಂದು ಅಧ್ಯಾಯ ಕರ್ನಾಟಕದಲ್ಲೇ ನಡೆದಿದೆ. ಎರಡು, ಇದು ಮೂಲತಃ ಲೆಕ್ಕದ ಮಾತು. ನಮ್ಮ ಮನೆಯ ಉರ್ದುವಿನಲ್ಲಿ ಹೇಳುವುದಾದರೆ ಹಿಸಾಬ್.

ತಾಳೆಯಾಗದ ಖಾತೆ

ಎಲೆಕ್ಟ್ರಾನಿಗೆ ಪಾಸಿಟ್ರಾನ್, ಪ್ರೋಟಾನಿಗೆ ಪ್ರತಿಪ್ರೋಟಾನ್ ಎಂಬ ಪ್ರತಿಕಣಗಳಿವೆ. ಕಣ ಮತ್ತು ಪ್ರತಿಕಣ ಸೇರಿದರೆ ಎರಡೂ ನಾಶವಾಗುತ್ತವೆ. ವಿಶ್ವದ ಆರಂಭದಲ್ಲಿ ಎರಡೂ ಸಮವಾಗಿದ್ದರೆ ಕೊನೆಯ ಶಿಲ್ಕು ಸೊನ್ನೆಯಾಗಬೇಕಿತ್ತು. ಆದರೆ ಕಪಿಲಾ ನದಿ ಹರಿಯುತ್ತಿದೆ, ನಾವೂ ಇದ್ದೇವೆ. ಸುಮಾರು ನೂರು ಕೋಟಿ ಜೋಡಿಗಳಿಗೆ ಒಂದು ಕಣ ಹೆಚ್ಚಾಗಿ ಉಳಿದಿದೆ. ಆ ಉಳಿಕೆಯೇ ನಾವು.

ಇದು ಹೇಗಾಯಿತು? 1967ರಲ್ಲಿ ರಷ್ಯಾದ ಆಂದ್ರೇ ಸಖರೋವ್ ಮೂರು ಷರತ್ತುಗಳನ್ನು ಹೇಳಿದರು. ಅವುಗಳಲ್ಲಿ ಎರಡು: ಪ್ರೋಟಾನಿನಂಥ ಕಣಗಳ ಒಟ್ಟು ಲೆಕ್ಕ ಬದಲಾಗಲು ಸಾಧ್ಯವಿರಬೇಕು, ಕಣ ಮತ್ತು ಪ್ರತಿಕಣಗಳ ವರ್ತನೆಯಲ್ಲಿ ವ್ಯತ್ಯಾಸವಿರಬೇಕು.

ಗಣಿಯೊಳಗಿನ ಕಾವಲು

ನಂಜನಗೂಡಿನಲ್ಲಿ 1925ರಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿ, ಮುಂದೆ ಅದರ ನಿರ್ದೇಶಕರಾದರು. 1950ರ ದಶಕದಲ್ಲೇ ಅವರು ಕೋಲಾರ ಚಿನ್ನದ ಗಣಿಯಲ್ಲಿ ಕಾಸ್ಮಿಕ್ ಕಿರಣಗಳನ್ನು ಅಳೆದರು. 1965ರಲ್ಲಿ ಭಾರತ, ಜಪಾನ್, ಬ್ರಿಟನ್ ತಂಡ ಅಲ್ಲಿ ಸುಮಾರು 2.3 ಕಿ.ಮೀ. ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತು ಹಿಡಿಯಿತು.

1970ರ ದಶಕದಲ್ಲಿ ಜೋಗೇಶ್ ಪತಿ, ಅಬ್ದುಸ್ ಸಲಾಂ ಮೊದಲಾದವರು ಪ್ರೋಟಾನ್ ಕೂಡ ಎಂದಾದರೂ ಒಡೆಯಬಹುದು ಎಂದರು. ಅದನ್ನು ಪರೀಕ್ಷಿಸಲು 1980ರಲ್ಲಿ ಅದೇ ಗಣಿಯಲ್ಲಿ 140 ಟನ್ ತೂಕದ ಉಪಕರಣ ಕೆಲಸ ಆರಂಭಿಸಿತು. ಅಷ್ಟು ಆಳವೇಕೆ? ಮೇಲಿನ ಬಂಡೆ ಕಾಸ್ಮಿಕ್ ಕಿರಣಗಳನ್ನು ತಡೆಯುತ್ತದೆ. ಗದ್ದಲವಿರುವ ಕಡೆ ಪಿಸುಮಾತು ಕೇಳಿಸುವುದಿಲ್ಲ.

ವಿಶ್ವದ ವಯಸ್ಸು ಸುಮಾರು 1,380 ಕೋಟಿ ವರ್ಷ. ಪ್ರೋಟಾನಿನ ಆಯುಷ್ಯ 1ರ ಮುಂದೆ 31 ಸೊನ್ನೆಗಳಷ್ಟು ವರ್ಷವಾದರೆ ಕಾಯುವುದು ಹೇಗೆ? ಉತ್ತರ ವಿಮೆಯ ಲೆಕ್ಕದಲ್ಲಿದೆ. ಒಬ್ಬನ ಸಾವು ಯಾವಾಗ ಎಂದು ವಿಮಾ ಕಂಪನಿಗೆ ಗೊತ್ತಿಲ್ಲ. ಲಕ್ಷ ಜನರಲ್ಲಿ ವರ್ಷಕ್ಕೆ ಎಷ್ಟು ಎಂದು ಗೊತ್ತು. 140 ಟನ್ನಿನಲ್ಲಿ ಪ್ರೋಟಾನ್ ಮತ್ತು ನ್ಯೂಟ್ರಾನ್ ಸೇರಿ 8ರ ಮುಂದೆ 31 ಸೊನ್ನೆಗಳಷ್ಟು ಕಣಗಳಿವೆ. ಅಂದರೆ ವರ್ಷಕ್ಕೆ ಸುಮಾರು ಎಂಟು ಒಡೆಯಬೇಕು.

ಕೋಲಾರದ ತಂಡಕ್ಕೆ ಅನುಮಾನಾಸ್ಪದವಾದ ಕೆಲವು ಘಟನೆಗಳು ಸಿಕ್ಕವು. ಆದರೆ ಅಮೆರಿಕ ಮತ್ತು ಜಪಾನಿನ ದೊಡ್ಡ ಉಪಕರಣಗಳು ಅವನ್ನು ದೃಢಪಡಿಸಲಿಲ್ಲ. ಇಂದಿಗೂ ಪ್ರೋಟಾನ್ ಒಡೆದದ್ದನ್ನು ಖಚಿತವಾಗಿ ಯಾರೂ ಕಂಡಿಲ್ಲ. ಗಣಿ 2001ರಲ್ಲಿ ಮುಚ್ಚಿತು. ಹಾಗೆಂದು ಆ ಶ್ರಮ ವ್ಯರ್ಥವಲ್ಲ. ಪ್ರೋಟಾನಿನ ಆಯುಷ್ಯ ಇದಕ್ಕಿಂತ ಹೆಚ್ಚು ಎಂದು ಹೇಳುವುದೂ ಒಂದು ಅಳತೆಯೇ.

ಎರಡನೇ ಷರತ್ತು

ಕಣ ಮತ್ತು ಪ್ರತಿಕಣದ ವ್ಯತ್ಯಾಸವನ್ನು 1964ರಲ್ಲಿ ಕ್ರೋನಿನ್ ಮತ್ತು ಫಿಚ್ ಕೇಯಾನ್‌ಗಳಲ್ಲಿ ಮೊದಲು ಕಂಡರು. 2025ರಲ್ಲಿ ಜಿನೀವಾ ಬಳಿಯ ಸೆರ್ನ್‌ನ ಎಲ್‌ಎಚ್‌ಸಿಬಿ ಪ್ರಯೋಗ, ಪ್ರೋಟಾನಿನ ಬಳಗಕ್ಕೇ ಸೇರಿದ ಒಂದು ಭಾರವಾದ ಕಣದಲ್ಲಿ ಅದನ್ನು ತೋರಿಸಿತು. ವ್ಯತ್ಯಾಸ ಶೇ. 2.45, ಅಳತೆಯ ಅನಿಶ್ಚಿತತೆ ಶೇ. 0.47. ವ್ಯತ್ಯಾಸವು ಅನಿಶ್ಚಿತತೆಯ ಐದು ಪಟ್ಟು ದಾಟಿದರೆ ಮಾತ್ರ ಭೌತಶಾಸ್ತ್ರಜ್ಞರು ಅದನ್ನು ಶೋಧ ಎನ್ನುತ್ತಾರೆ. ಇಲ್ಲಿ ಅದು 5.2 ಪಟ್ಟು. ಅದಕ್ಕಾಗಿ 80,000ಕ್ಕೂ ಹೆಚ್ಚು ಕ್ಷಯಗಳನ್ನು ಎಣಿಸಬೇಕಾಯಿತು.

ಇಷ್ಟೊಂದು ಏಕೆ ಎಂದು ಸಂಖ್ಯಾಶಾಸ್ತ್ರ ಓದುವವರು ತಾವೇ ನೋಡಬಹುದು. ಒಂದು ನಾಣ್ಯವನ್ನು 100 ಸಲ ಚಿಮ್ಮಿ. 55 ತಲೆ, 45 ಬಾಲ ಬಂದರೆ ನಾಣ್ಯ ಓರೆ ಎನ್ನಲಾಗದು. 10,000 ಸಲ ಚಿಮ್ಮಿದಾಗ 5,500 ತಲೆ ಬಂದರೆ ಖಂಡಿತ ಎನ್ನಬಹುದು.

ಈವರೆಗೆ ಅಳೆದ ವ್ಯತ್ಯಾಸಗಳೆಲ್ಲ ಸೇರಿದರೂ ವಿಶ್ವದಲ್ಲಿ ಉಳಿದಿರುವಷ್ಟು ದ್ರವ್ಯಕ್ಕೆ ಕಾರಣ ಸಾಲುವುದಿಲ್ಲ. ಖಾತೆ ಇನ್ನೂ ತೆರೆದಿದೆ. ನಮ್ಮ ವಿಜ್ಞಾನ ವಿಭಾಗದ ಗೆಳೆಯರಲ್ಲಿ ಯಾರಾದರೂ ಅದನ್ನು ಮುಂದುವರಿಸಲಿ. ನಂಜನಗೂಡಿನಿಂದ ಒಬ್ಬರು ಈಗಾಗಲೇ ಹೋಗಿ ಬಂದಿದ್ದಾರೆ.