ಆಕಾಶಕ್ಕೊಂದು ಉಷ್ಣತಾಮಾಪಕ

ನಕ್ಷತ್ರಗಳಿಂದ ಬಹು ದೂರದಲ್ಲಿ, ಬರಿದಾದ ಆಕಾಶದಲ್ಲಿ ಒಂದು ಉಷ್ಣತಾಮಾಪಕವನ್ನು ತೂಗುಹಾಕಿದರೆ ಅದು ಎಷ್ಟು ಡಿಗ್ರಿ ತೋರಿಸೀತು? ಸೊನ್ನೆಯನ್ನೇ ತೋರಿಸಬೇಕಲ್ಲವೆ ಎಂದು ನಮಗೆ ಅನ್ನಿಸುತ್ತದೆ. ಸೊನ್ನೆ ಎಂದರೆ ಇಲ್ಲಿ ನೀರು ಹೆಪ್ಪುಗಟ್ಟುವ ಸೊನ್ನೆಯಲ್ಲ. ಅದಕ್ಕಿಂತ 273 ಡಿಗ್ರಿ ಕೆಳಗಿರುವ ನಿರಪೇಕ್ಷ ಶೂನ್ಯ. ಕೆಲ್ವಿನ್ ಮಾನದ ಎಣಿಕೆ ತೊಡಗುವುದು ಅಲ್ಲಿಂದ. ಇಂತಹ ಮಾಪಕವೊಂದನ್ನು ನಿಸರ್ಗವೇ ಅಲ್ಲಿ ಇರಿಸಿದೆ. ಅದನ್ನು ಮೊದಲು ಓದಿದವರು ಕೆನಡ ದೇಶದ ವಿಕ್ಟೋರಿಯ ನಗರದ ವೀಕ್ಷಣಾಲಯದಲ್ಲಿದ್ದ ಖಭೌತವಿಜ್ಞಾನಿ ಆಂಡ್ರೂ ಮೆಕೆಲರ್. ಓದಿದ ವರ್ಷ 1941.

ನಕ್ಷತ್ರಗಳ ನಡುವೆ ಅಲ್ಲಲ್ಲಿ ಅತಿ ವಿರಳವಾದ ಅನಿಲದ ಮೋಡಗಳುಂಟು. ಉರಗಧರ ಪುಂಜದ ಝೀಟಾ ನಕ್ಷತ್ರದ ಬೆಳಕು ಅಂತಹ ಮೋಡವನ್ನು ಹಾದು ನಮ್ಮನ್ನು ಸೇರುತ್ತದೆ. ಆ ಬೆಳಕನ್ನು ರೋಹಿತವಾಗಿ ಹರಡಿದಾಗ, ಮೋಡದ ಅಣುಗಳು ಹೀರಿಕೊಂಡ ಬಣ್ಣಗಳ ಸ್ಥಾನದಲ್ಲಿ ಸಣ್ಣ ಕಪ್ಪು ಗೆರೆಗಳು ಕಾಣುತ್ತವೆ. ಅವುಗಳಲ್ಲೊಂದು, ಇಂಗಾಲದ ಒಂದು ಪರಮಾಣುವೂ ನೈಟ್ರೊಜನ್ನಿನ ಒಂದು ಪರಮಾಣುವೂ ಜೊತೆಗೂಡಿದ ಸಯನೊಜನ್ ಅಣುವಿನದೆಂದು ಮೆಕೆಲರ್ 1940ರಲ್ಲಿ ಗುರುತಿಸಿದರು.

ಬುಗುರಿಯನ್ನು ನಾವು ಬೇಕಾದ ವೇಗದಲ್ಲಿ ತಿರುಗಿಸಬಹುದು. ಅಣುವಿಗೆ ಆ ಸ್ವಾತಂತ್ರ್ಯವಿಲ್ಲ. ಅದು ತಿರುಗದೆ ಇರಬಹುದು. ಇಲ್ಲವೆ ಮೊದಲ ಮೆಟ್ಟಿಲಿನ ವೇಗದಲ್ಲಿ, ಎರಡನೆಯ ಮೆಟ್ಟಿಲಿನ ವೇಗದಲ್ಲಿ, ಹೀಗೆ ತಿರುಗಬಹುದು. ನಡುವಿನ ವೇಗಗಳು ಅದಕ್ಕೆ ನಿಷಿದ್ಧ. ತಿರುಗದ ಅಣು ಹೀರುವ ಬಣ್ಣ ಒಂದಾದರೆ, ಮೊದಲ ಮೆಟ್ಟಿಲೇರಿದ ಅಣು ಹೀರುವ ಬಣ್ಣ ಅದಕ್ಕಿಂತ ಕೂದಲೆಳೆಯಷ್ಟು ಬೇರೆ. ಸುತ್ತಣ ಉಷ್ಣತೆ ಹೆಚ್ಚಿದಷ್ಟೂ ಮೆಟ್ಟಿಲೇರಿದ ಅಣುಗಳ ಸಂಖ್ಯೆ ಹೆಚ್ಚು. ಆದುದರಿಂದ ಎರಡು ಗೆರೆಗಳ ಗಾಢತೆಯನ್ನು ಹೋಲಿಸಿದರೆ ಉಷ್ಣತೆ ತಾನಾಗಿಯೇ ತಿಳಿಯುತ್ತದೆ.

ಈ ಎರಡನೆಯ ಗೆರೆಯನ್ನು ಮೌಂಟ್ ವಿಲ್ಸನ್ ವೀಕ್ಷಣಾಲಯದ ವಾಲ್ಟರ್ ಆಡಮ್ಸ್ ಹುಡುಕಿ ತೆಗೆದರು. ಅದು ಮೊದಲನೆಯದರ ಐದರಲ್ಲೊಂದು ಪಾಲಿನಷ್ಟು ಮಸುಕಾಗಿದ್ದಿತು. ಮೆಕೆಲರರ ಲೆಕ್ಕಕ್ಕೆ ಬಂದ ಉತ್ತರ 2.3 ಕೆಲ್ವಿನ್.

ಸೊನ್ನೆಯಲ್ಲ, ಎರಡು ಚಿಲ್ಲರೆ! ಹಾಗಾದರೆ ಆ ಅಣುಗಳನ್ನು ತಿರುಗಿಸುತ್ತಿದ್ದುದು ಯಾವುದು? ಈ ಪ್ರಶ್ನೆಯನ್ನು ಯಾರೂ ಬೆನ್ನಟ್ಟಲಿಲ್ಲ. ರೋಹಿತವಿಜ್ಞಾನದಲ್ಲಿ ಮುಂದೆ ನೊಬೆಲ್ ಪಾರಿತೋಷಕ ಪಡೆದ ಗೆರ್ಹಾರ್ಡ್ ಹರ್ಟ್ಸ್‌ಬರ್ಗರು ಕೂಡ 1950ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ, ಈ ಉಷ್ಣತೆಗೆ ಬಹಳ ಸೀಮಿತವಾದ ಅರ್ಥ ಮಾತ್ರ ಉಂಟೆಂದು ಬರೆದು ಮುಂದೆ ಸಾಗಿದರು. ಅವರನ್ನು ದೂರುವುದು ನ್ಯಾಯವಲ್ಲ. ಅಣುಗಳು ಪರಸ್ಪರ ಡಿಕ್ಕಿ ಹೊಡೆದೂ ತಿರುಗಬಲ್ಲವು. ಒಂದು ಮೋಡದ ಅಳತೆಯಿಂದ ವಿಶ್ವದ ಮಾತನ್ನು ಹೇಳಲು ಯಾವ ವಿವೇಕಿಯಾದರೂ ಹಿಂಜರಿದಾನು. ಆದರೆ 1948ರಲ್ಲಿ ರಾಲ್ಫ್ ಆಲ್ಫರ್ ಮತ್ತು ರಾಬರ್ಟ್ ಹರ್ಮನ್, ವಿಶ್ವವು ಅತಿ ಬಿಸಿಯಾದ ಸ್ಥಿತಿಯಲ್ಲಿ ಹುಟ್ಟಿದ್ದರೆ ಇಂದು ಸುಮಾರು 5 ಕೆಲ್ವಿನ್‌ನಷ್ಟು ಶೇಷ ಶಾಖ ಎಲ್ಲೆಡೆ ಉಳಿದಿರಬೇಕೆಂದು ಗಣಿಸಿದ್ದರು. ಒಂದು ಕಡೆ ಅಳತೆ, ಇನ್ನೊಂದು ಕಡೆ ಗಣಿತ, ಎರಡಕ್ಕೂ ಭೇಟಿಯಾಗಲಿಲ್ಲ.

1964ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಹೋಮ್‌ಡೆಲ್‌ನಲ್ಲಿ ಆರ್ನೊ ಪೆಂಜಿಯಸ್ ಮತ್ತು ರಾಬರ್ಟ್ ವಿಲ್ಸನ್ ತಮ್ಮ ರೇಡಿಯೊ ಆಂಟೆನಾದಲ್ಲಿ ಎತ್ತ ತಿರುಗಿಸಿದರೂ ನಿಲ್ಲದ ಗೊರಗುಟ್ಟುವಿಕೆಯನ್ನು ಕೇಳಿದರು. 1965ರಲ್ಲಿ ಪ್ರಕಟವಾದ ಅವರ ಅಳತೆ ಸುಮಾರು 3.5 ಕೆಲ್ವಿನ್, ಅದೇ ವಿಶ್ವದ ಹಿನ್ನೆಲೆ ವಿಕಿರಣ. ಮರುವರ್ಷ ಜಾರ್ಜ್ ಫೀಲ್ಡ್, ಪ್ಯಾಟ್ರಿಕ್ ಥ್ಯಾಡಿಯಸ್ ಮೊದಲಾದವರು ಹಳೆಯ ಸಯನೊಜನ್ ಗೆರೆಗಳತ್ತ ಮತ್ತೆ ತಿರುಗಿದರು. ಅಣುವನ್ನು ಮೊದಲ ಮೆಟ್ಟಿಲೇರಿಸಬಲ್ಲ ಅಲೆಯ ಉದ್ದ 2.64 ಮಿಲಿಮೀಟರ್, ಆ ಅಲೆಗಳು ಹಿನ್ನೆಲೆ ವಿಕಿರಣದಲ್ಲಿ ಧಾರಾಳವಾಗಿವೆ. ಮೆಕೆಲರ್ ಅಳೆದಿದ್ದುದು ಅದನ್ನೇ. ಅದನ್ನು ಕೇಳಲು ಅವರಿರಲಿಲ್ಲ. 1960ರಲ್ಲಿ, ಐವತ್ತರ ಪ್ರಾಯದಲ್ಲಿ ತೀರಿಕೊಂಡಿದ್ದರು. 1989ರಲ್ಲಿ ಹಾರಿದ ಕೋಬೆ ಉಪಗ್ರಹವು ಈ ಉಷ್ಣತೆಯನ್ನು 2.725 ಕೆಲ್ವಿನ್ ಎಂದು ಕರಾರುವಾಕ್ಕಾಗಿ ನಿರ್ಧರಿಸಿತು.

ಮೆಕೆಲರರ ಉಪಾಯಕ್ಕೆ ಆಂಟೆನಾಗಳಿಗಿಲ್ಲದ ಒಂದು ಶಕ್ತಿಯುಂಟು. ಆಂಟೆನಾ ಅಳೆಯುವುದು ತಾನಿರುವೆಡೆಯ ಉಷ್ಣತೆಯನ್ನು. ಗೆರೆಗಳು ಹೇಳುವುದು ಮೋಡವಿದ್ದೆಡೆಯ, ಬೆಳಕು ಅದನ್ನು ಹಾದ ಕಾಲದ ಉಷ್ಣತೆಯನ್ನು. 2000ದಲ್ಲಿ ಪುಣೆಯ ಶ್ರೀಆನಂದ್ ಮತ್ತು ಫ್ರಾನ್ಸಿನ ಪೆಟಿಜೀನ್ ಮೊದಲಾದವರು, ಸುಮಾರು 1,100 ಕೋಟಿ ವರ್ಷಗಳ ಹಿಂದಿನ ಮೋಡವೊಂದರಲ್ಲಿ ಇಂಗಾಲದ ಪರಮಾಣುಗಳ ಗೆರೆಗಳನ್ನು ಹೀಗೆಯೇ ಹೋಲಿಸಿದರು. ವಿಶ್ವ ಹಿಗ್ಗುತ್ತ ತಣಿಯುತ್ತಿರುವುದು ನಿಜವಾದರೆ ಅಂದು ಅಲ್ಲಿ 9.1 ಕೆಲ್ವಿನ್ ಇರಬೇಕಾಗಿತ್ತು. ಅವರಿಗೆ ದೊರೆತ ಉತ್ತರ 6ಕ್ಕಿಂತ ಹೆಚ್ಚು, 14ಕ್ಕಿಂತ ಕಡಮೆ.