ನುಡಿ, ಬರಹ ಕಾಲದ ಕಡತಗಳು ಮತ್ತು ವರ್ಚುವಲ್ ಮಷೀನ್: ಪಾಠಸಂರಕ್ಷಣೆಯ ಒಂದು ವಿಧಾನ

ಹಸ್ತಪ್ರತಿ ಎಂದೊಡನೆ ಕನ್ನಡ ಸಂಶೋಧಕರ ಕಣ್ಣಮುಂದೆ ನಿಲ್ಲುವುದು ಓಲೆಗರಿ ಮತ್ತು ಕೋರಿಕಾಗದ. ಆದರೆ ೧೯೯೦ರ ದಶಕದ ಕೊನೆಯಿಂದ ನುಡಿ, ಬರಹ, ಶ್ರೀಲಿಪಿಗಳಲ್ಲಿ ಬೆರಳಚ್ಚಾದ ಮಹಾಪ್ರಬಂಧಗಳು, ಶಾಸನಪಾಠಗಳು, ಪದಸೂಚಿಗಳು ಇಂದು ಅದೇ ಬಗೆಯ ಅಪಾಯಕ್ಕೆ ಒಳಗಾಗಿವೆ. ೧೯೯೧ರ ಯೂನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ ಬಳಕೆಯಲ್ಲಿ ಬಹುಕಾಲ ಮುಂದುವರಿದದ್ದು ರೋಮನ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕನ್ನಡದ ಅಕ್ಷರಭಾಗಗಳನ್ನು ಕೂರಿಸುವ ಪದ್ಧತಿ. ಅಂಥ ಕಡತದಲ್ಲಿ ಕನ್ನಡವಿರುವುದು ಫಾಂಟಿನಲ್ಲಿಯೇ ಹೊರತು ಪಠ್ಯದಲ್ಲಿ ಅಲ್ಲ. ಫಾಂಟು ಕಳೆದರೆ ಉಳಿಯುವುದು ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು.

ಈ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳು ಹಲವಿವೆ. ಪರಿವರ್ತಿತ ಪಾಠ ಸರಿಯೇ ಎಂದು ನಿರ್ಣಯಿಸಲು ಮಾತ್ರ ಮೂಲವನ್ನು ಅದು ಹುಟ್ಟಿದ ಪರಿಸರದಲ್ಲಿಯೇ ನೋಡಬೇಕು. ವಿಂಡೋಸ್ ಎಕ್ಸ್‌ಪಿಗೆ ತಯಾರಕರ ಬೆಂಬಲ ೨೦೧೪ರ ಏಪ್ರಿಲ್‌ನಲ್ಲಿ ನಿಂತಿತು. ಹಳೆಯ ಯಂತ್ರವನ್ನೇ ಕಾಪಾಡಿಕೊಳ್ಳುವುದು ಅದರ ಹಾರ್ಡ್‌ಡಿಸ್ಕ್ ಬಾಳುವವರೆಗಿನ ಮಾತು. ಇಲ್ಲಿ ನೆರವಿಗೆ ಬರುವುದು ವರ್ಚುವಲ್ ಮಷೀನ್, ಅಂದರೆ ಒಂದು ಗಣಕದೊಳಗೆ ತಂತ್ರಾಂಶವೇ ನಿರ್ಮಿಸುವ ಮತ್ತೊಂದು ಗಣಕ. ಕಲ್ಪನೆ ಹೊಸದಲ್ಲ: ಐಬಿಎಂ ಸಂಸ್ಥೆ ೧೯೭೨ರಲ್ಲಿಯೇ ತನ್ನ ದೊಡ್ಡ ಗಣಕಗಳಿಗೆ ಇದನ್ನು ಒದಗಿಸಿತ್ತು. ಮೇಜುಗಣಕಕ್ಕೆ ವಿಎಂವೇರ್ ೧೯೯೯ರಲ್ಲಿಯೂ ವರ್ಚುವಲ್‌ಬಾಕ್ಸ್ ೨೦೦೭ರಲ್ಲಿಯೂ ಬಂದವು. ಎರಡನೆಯದು ಮುಕ್ತ ತಂತ್ರಾಂಶವಾದ್ದರಿಂದ ಕನ್ನಡ ವಿಭಾಗಗಳ ಶಕ್ತಿಗೆ ಹೊಂದುತ್ತದೆ.

ಸ್ಥಾಪನೆಗೆ ಮೊದಲು ಗಣಕದ ಬಯಾಸ್‌ನಲ್ಲಿ ವರ್ಚುವಲೈಸೇಶನ್ ಸೌಲಭ್ಯ ತೆರೆದಿದೆಯೇ ಎಂದು ನೋಡಬೇಕು. ಅದಿಲ್ಲದೆ ಈಚಿನ ವರ್ಚುವಲ್‌ಬಾಕ್ಸ್ ಆವೃತ್ತಿಗಳಲ್ಲಿ ಯಾವ ಮಷೀನೂ ಚಾಲನೆಗೊಳ್ಳದು. ಅನಂತರ ಒಂದಲ್ಲ, ಎರಡು ಮಷೀನುಗಳನ್ನು ರಚಿಸುವುದು ಲೇಸು. ಮೊದಲನೆಯದು ಸಾಕ್ಷಿ, ಎರಡನೆಯದು ಪ್ರಯೋಗಶಾಲೆ. ಸಾಕ್ಷಿ ಮಷೀನಿನಲ್ಲಿ ಪರವಾನಗಿಯುಳ್ಳ ಎಕ್ಸ್‌ಪಿ, ಕಡತ ಸಿದ್ಧವಾದ ಕಾಲದ ನುಡಿ ಅಥವಾ ಬರಹ ಹಾಗೂ ಅದರ ಫಾಂಟುಗಳಿರಲಿ. ಇದಕ್ಕೆ ೫೧೨ ಎಂಬಿ ಸ್ಮೃತಿ, ೧೦ ಜಿಬಿ ಡಿಸ್ಕ್ ಸಾಕು. ಇದರ ಜಾಲಸಂಪರ್ಕವನ್ನು ಸಂಪೂರ್ಣ ಕಡಿದಿಡುವುದು ಅಗತ್ಯ. ಪ್ರಯೋಗಶಾಲೆಗೆ ಡೆಬಿಯನ್ ಲಿನಕ್ಸ್, ಲಿಬ್ರೆಆಫೀಸ್ ಮತ್ತು ಪೈಥಾನ್ ಬೇಕು. ೮ ಜಿಬಿ ಸ್ಮೃತಿಯ ಗಣಕದಲ್ಲಿ ಅದಕ್ಕೆ ೩ ಜಿಬಿ ಕೊಡಬಹುದು, ಅರ್ಧಕ್ಕಿಂತ ಹೆಚ್ಚು ಕೊಟ್ಟರೆ ಮನೆಯೊಡೆಯನೇ ಹಸಿಯುತ್ತಾನೆ. ಮೂಲ ಕಡತಗಳನ್ನು ಐಎಸ್ಒ ಪ್ರತಿಯಾಗಿ ಮಾಡಿ, ಸಿ.ಡಿ. ಎಂಬಂತೆ ಎರಡೂ ಮಷೀನುಗಳಿಗೆ ಜೋಡಿಸಬೇಕು. ಸಿ.ಡಿ.ಯ ಮೇಲೆ ಬರೆಯಲಾಗದು. ಆದ್ದರಿಂದ ಮೂಲಪ್ರತಿಗೆ ಸಂಪಾದಕನ ಕೈ ತಾಗದು.

ನಿಜವಾದ ಕಷ್ಟ ಪಾಠದಲ್ಲಿದೆ. ಹಳೆಯ ಸಂಕೇತಗಳು ಬರಹ ಕಣ್ಣಿಗೆ ಕಾಣುವ ಕ್ರಮವನ್ನು ಅನುಸರಿಸಿದರೆ ಯೂನಿಕೋಡ್ ಉಚ್ಚಾರಣೆಯ ಕ್ರಮವನ್ನು ಅನುಸರಿಸುತ್ತದೆ. 'ಧರ್ಮ' ಎಂಬಲ್ಲಿ ಅರ್ಕಾವೊತ್ತು ಮೊದಲನೆಯದರಲ್ಲಿ ಮಕಾರದ ನಂತರ, ಎರಡನೆಯದರಲ್ಲಿ ರೇಫವಾಗಿ ಮಕಾರದ ಮೊದಲು. ಪರಿವರ್ತಕವು ಅದನ್ನು ಇಡೀ ಅಕ್ಷರಗುಚ್ಛದ ಹಿಂದಕ್ಕೆ ಒಯ್ಯಬೇಕು. 'ರ‍್ಯಾಂಕ್' ಎಂಬಲ್ಲಿ ರಕಾರ ಪೂರ್ಣರೂಪದಲ್ಲಿ ಉಳಿಯಲು ಕಣ್ಣಿಗೆ ಕಾಣದ ಜೋಡಕವೊಂದು ಬೇಕು. ಅದು ಬಿಟ್ಟುಹೋದರೆ ಅಲ್ಲಿಯೂ ಅರ್ಕಾವೊತ್ತೇ ಮೂಡುತ್ತದೆ. ಕಡತವನ್ನು ಸರಳ ಪಠ್ಯವಾಗಿ ಉಳಿಸುವುದು ಇನ್ನೂ ಅಪಾಯಕರ: ಫಾಂಟಿನ ಮಾಹಿತಿ ಅಳಿಯುವುದರಿಂದ ನಡುವಣ ಇಂಗ್ಲಿಷ್ ಗ್ರಂಥನಾಮಗಳೂ ಕನ್ನಡವೆಂದೇ ಗಣಿಸಲ್ಪಟ್ಟು ವಿಕಾರಗೊಳ್ಳುತ್ತವೆ. ವಾಕ್ಯಖಂಡಗಳನ್ನು ಫಾಂಟಿನ ಹೆಸರಿನೊಡನೆ ಬೇರ್ಪಡಿಸಿದ ಮೇಲೆಯೇ ಪರಿವರ್ತನೆ ನಡೆಯಬೇಕು.

ಹಳಗನ್ನಡ ಪಾಠಗಳಲ್ಲಿ ಱ, ೞಗಳನ್ನು ವಿಶೇಷವಾಗಿ ಪರಿಶೀಲಿಸಬೇಕು. ಯೂನಿಕೋಡ್ ಪಟ್ಟಿಯಲ್ಲಿ ೞಕಾರಕ್ಕೆ ಇರುವ ಅಧಿಕೃತ ಹೆಸರು, ಸೋಜಿಗವೆಂಬಂತೆ, 'ಫಾ'! ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಸರಿಯಾದ ಹೆಸರನ್ನು ತಿದ್ದುಪಡಿಯ ಅಡ್ಡಹೆಸರಾಗಿ ಸೇರಿಸಲಾಗಿದೆ. ಹೆಸರನ್ನೇ ನಂಬಿ ಬರೆದ ಪ್ರೋಗ್ರಾಮು ಪಂಪನ ಪದಸೂಚಿಯಲ್ಲಿ ಫಕಾರವನ್ನು ವರದಿ ಮಾಡೀತು. ಜೊತೆಗೆ 'ೊ' ಎಂಬ ಒಂದೇ ಸ್ವರಚಿಹ್ನೆಯನ್ನು ಒಂದು ಸಂಕೇತವಾಗಿಯೂ ಎರಡರ ಸಂಯೋಗವಾಗಿಯೂ ಬರೆಯಬಹುದು. ಓದುಗನಿಗೆ ಎರಡೂ ಒಂದೇ, ಹುಡುಕುವ ಯಂತ್ರಕ್ಕೆ ಬೇರೆ ಬೇರೆ. ಪದಾವೃತ್ತಿಯನ್ನು ಎಣಿಸುವವರು ಮೊದಲು ಪೈಥಾನ್‌ನಲ್ಲಿ ಇವನ್ನು ಒಂದೇ ರೂಪಕ್ಕೆ ತರದಿದ್ದರೆ ಎಣಿಕೆಯೇ ತಪ್ಪುತ್ತದೆ.

ಪರಿವರ್ತಕದ ನಿಯಮಗಳನ್ನು ಬದಲಿಸುವ ಮುನ್ನ ಪ್ರತಿಬಾರಿಯೂ ಪ್ರಯೋಗಶಾಲೆಯ ಸ್ನ್ಯಾಪ್‌ಶಾಟ್ ತೆಗೆದಿಡಬೇಕು. ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳುವುದು ನಿಮಿಷದ ಕೆಲಸ. ಆದರೆ ಸ್ನ್ಯಾಪ್‌ಶಾಟ್ ಇರುವುದು ಅದೇ ಡಿಸ್ಕಿನಲ್ಲಿ. ಅದನ್ನು ರಕ್ಷಾಪ್ರತಿ ಎಂದು ತಿಳಿಯುವ ರೂಢಿ ತಪ್ಪು. ಎರಡೂ ಮಷೀನುಗಳನ್ನು ಒವಿಎ ರೂಪದಲ್ಲಿ ರಫ್ತು ಮಾಡಿ, ಬೇರೆ ಡಿಸ್ಕಿನಲ್ಲಿ, ಸಾಧ್ಯವಾದರೆ ಬೇರೆ ಕಟ್ಟಡದಲ್ಲಿ ಇಡಬೇಕು. ಫಾಂಟು, ತಂತ್ರಾಂಶ ಮತ್ತು ಪರಿವರ್ತಕದ ಆವೃತ್ತಿಸಂಖ್ಯೆಗಳನ್ನು, ಗ್ರಂಥಸಂಪಾದನೆಯಲ್ಲಿ ಪ್ರತಿಗಳ ವಿವರ ಕೊಡುವಂತೆಯೇ, ಪರಿವರ್ತಿತ ಪಾಠದ ಪೀಠಿಕೆಯಲ್ಲಿ ನಮೂದಿಸಬೇಕು.